ಬಚ್ಚಲಲ್ಲಿ ಒಣಗುತ್ತಿದ್ದ ರೀಲು

ಉಪ್ಪಾರಹಳ್ಳಿ, ತುಮಕೂರು
೧೧-೦೧-೨೦೨೬, ಭಾನುವಾರ

ಪ್ರೀತಿಯ ಅಕ್ಷತಾ,

ಹೇಗಿದ್ದೀಯ ಮಗಳೇ? ಮೊಣಕಾಲಿನ ನೋವು ಕಡಿಮೆಯಾಯಿತಾ? ಓಡುವಾಗ ಪಟ್ಟಿ ಕಟ್ಟಿಕೊಳ್ಳುತ್ತೇನೆ ಎಂದು ಫೋನಿನಲ್ಲಿ ಹೇಳುತ್ತೀಯ, ಆದರೆ ಆ ಪಟ್ಟಿ ಇಲ್ಲೇ ನಿನ್ನ ಬೀರುವಿನಲ್ಲಿ ಬಿದ್ದಿತ್ತು, ನಿನ್ನೆ ಸಿಕ್ಕಿತು. ಅಪ್ಪನ ಹಾಗೆ ನೀನೂ ಸುಳ್ಳು ಹೇಳುವುದನ್ನು ಕಲಿಯಬೇಡ. ನಾಳೆಯೇ ಕೊರಿಯರ್ ಮಾಡುತ್ತೇನೆ. ಪೊಲೀಸ್ ತರಬೇತಿ ಶಾಲೆಯ ಊಟ ಒಗ್ಗಿರಬಹುದು ಎಂದುಕೊಂಡಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಬಿಪಿ ಮಾತ್ರ ಸ್ವಲ್ಪ ಏರಿದೆ. ಹೋದ ಭಾನುವಾರ ಸಂಜೆ ನೀನು ಫೋನಿನಲ್ಲಿ 'ಯಾಕಮ್ಮಾ, ದನಿ ಒಂಥರಾ ಇದೆ' ಎಂದೆ. ನಿಮಗೆ ಅಲ್ಲಿ ಫೋನು ಕೊಡುವುದೇ ಹತ್ತು ನಿಮಿಷ, ಆ ಹತ್ತು ನಿಮಿಷವೂ ನಿಮ್ಮಪ್ಪ ಪಕ್ಕದಲ್ಲಿ ಕೂತು ಸ್ಪೀಕರ್ ಹಾಕಿರುತ್ತಾರೆ. ಏನು ಹೇಳಲಿ? ಅದಕ್ಕೇ ಕಾಗದ ಬರೆಯಲು ಕೂತೆ. ಅವರು ಬೆಳಿಗ್ಗೆ ಆರೂವರೆಗೇ ಇಸ್ತ್ರಿ ಶರ್ಟು ಹಾಕಿಕೊಂಡು, ಹೆಗಲಿಗೆ ಕ್ಯಾಮೆರಾ ಚೀಲ ಏರಿಸಿ ಹೋಗಿದ್ದಾರೆ.

ಗುಬ್ಬಿಯಲ್ಲಿ ಸ್ಟುಡಿಯೋ ಮುಚ್ಚಿದ ಅಡವಿಯಪ್ಪನವರಿಂದ ಹಳೆಯ ಯಾಶಿಕಾ ಕ್ಯಾಮೆರಾ ತಂದಾಗ ನೀನು ಇಲ್ಲೇ ಇದ್ದೆ. ನೀನು ಹೋದ ಮೇಲೆ ಇನ್ನೂ ಎರಡು ಬಂದಿವೆ. ಒಂದು ಡಬ್ಬದ ಹಾಗಿದೆ, ಮೇಲಿನಿಂದ ಬಗ್ಗಿ ನೋಡಬೇಕು. ವಾರವಿಡೀ ಕರೆಂಟ್ ಆಫೀಸಿನಲ್ಲಿ ಜನರ ಬಿಲ್ಲಿನ ತಕರಾರು ಕೇಳಿ ಸೊರಗಿದ ಮುಖ ಶನಿವಾರ ಸಂಜೆ ಹೊತ್ತಿಗೆ ಅರಳುತ್ತದೆ. ಲೆನ್ಸ್ ಒರೆಸುತ್ತಾರೆ, ಖಾಲಿ ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಕ್ಲಿಕ್ ಮಾಡಿ ಶಬ್ದ ಕೇಳುತ್ತಾರೆ, ನಿನ್ನ ಅಜ್ಜಿ ತೆಂಗಿನಕಾಯಿ ಅಲ್ಲಾಡಿಸಿ ನೋಡುತ್ತಿದ್ದ ಹಾಗೆ. ಫೋನಿನಲ್ಲೇ ತೆಗೆಯಬಾರದೇ ಎಂದು ಒಮ್ಮೆ ಕೇಳಿದ್ದಕ್ಕೆ, 'ಫೋನ್‌ನಾಗೆ ನೂರು ತೆಗೀತೀವಿ, ಒಂದನ್ನೂ ತಿರುಗಿ ನೋಡಲ್ಲ. ಇದ್ರಲ್ಲಿ ಮೂವತ್ತಾರೇ ಇರೋದು. ಒಂದೊಂದಕ್ಕೂ ನಿಂತು ಯೋಚನೆ ಮಾಡ್ಬೇಕು ಕಣೇ' ಎಂದರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವರು ಇಷ್ಟು ಉದ್ದ ಮಾತಾಡಿದ್ದು ಕಡಿಮೆ. ನಮ್ಮ ಬಚ್ಚಲನ್ನೇ ಲ್ಯಾಬ್ ಮಾಡಿಕೊಂಡಿದ್ದಾರೆ. ಕಿಟಕಿಗೆ ಕರಿ ಬಟ್ಟೆ, ಬಾಗಿಲ ಸಂದಿಗೆ ನನ್ನ ಹಳೆ ಸೀರೆ, ಒಳಗೆಲ್ಲ ಔಷಧಿಯ ಹುಳಿ ವಾಸನೆ. ತೊಳೆದ ರೀಲನ್ನು ಒಳಲಂಗದ ಪಕ್ಕದಲ್ಲಿ ಬಟ್ಟೆ ಕ್ಲಿಪ್ಪು ಹಾಕಿ ಒಣಗಿಸುತ್ತಾರೆ. ನನಗೆ ಕೋಪ ಬರುತ್ತಿರಲಿಲ್ಲ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಇದೊಂದು ಇರಲಿ ಎಂದುಕೊಂಡಿದ್ದೆ.

ದಸರಾ ಆದ ಮೇಲೆ ಶುರುವಾಯಿತು ನೋಡು. ಗುಬ್ಬಿ ಕೆರೆಯ ಹತ್ತಿರ ಹಕ್ಕಿ ತೆಗೆಯಲು ಹೋಗಿದ್ದೆ ಎಂದವರ ಶರ್ಟನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ಕುಣಿಗಲ್ ಬಸ್ಸಿನ ಟಿಕೆಟ್ ಸಿಕ್ಕಿತು. ಗುಬ್ಬಿ ಎಲ್ಲಿ, ಕುಣಿಗಲ್ ಎಲ್ಲಿ. ಇಲ್ಲಿಂದ ಎರಡೂ ಬೇರೆ ಬೇರೆ ದಿಕ್ಕು. ಕೇಳಲಿಲ್ಲ, ಟಿಕೆಟ್ಟನ್ನು ಸಕ್ಕರೆ ಡಬ್ಬದ ಕೆಳಗೆ ಇಟ್ಟುಕೊಂಡೆ. ಮುಂದಿನ ವಾರ 'ಅಡವಿಯಪ್ಪಂಗೆ ನಿನ್ ನಿಪ್ಪಟ್ಟು ಅಂದ್ರೆ ಪ್ರಾಣ' ಎಂದು ಒಂದು ಡಬ್ಬ ತುಂಬಿಸಿಕೊಂಡು ಹೋದರು. ಅದರ ಮುಂದಿನ ವಾರವೂ ಒಯ್ದರು. ನವೆಂಬರಿನಲ್ಲಿ ಒಂದು ಮದುವೆಮನೆಯಲ್ಲಿ ಅಡವಿಯಪ್ಪನವರೇ ಎದುರಿಗೆ ಸಿಕ್ಕರು. ನಿಪ್ಪಟ್ಟು ಹೇಗಿತ್ತು ಎಂದು ಕೇಳಿದೆ. ಆ ಮುದುಕ ಬಾಯಿ ತೆರೆದು ತೋರಿಸಿ, 'ಯಾವ ನಿಪ್ಪಟ್ಟಮ್ಮ? ನಂಗೆ ಹಲ್ಲು ಬಿದ್ದು ನಾಕು ವರ್ಷ ಆಯ್ತು' ಎಂದರು. ಆ ದಿನದಿಂದ ನಿಮ್ಮಪ್ಪ ತಲೆ ಬಾಚಿದರೂ ಅನುಮಾನ, ಹಾಡು ಗುನುಗಿದರೂ ಅನುಮಾನ. ಅವರ ಫೋನು ನಾನು ನೋಡುವುದು ನಿನಗೆ ಗೊತ್ತೇ ಇದೆ, ಅದರಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿರುವುದೇ ನನ್ನ ಅನುಮಾನವನ್ನು ಇನ್ನೂ ಹೆಚ್ಚಿಸಿತು. ಪೊಲೀಸ್ ಆಗುವವಳು ನೀನು, ನೀನೇ ಹೇಳು, ನನ್ನ ಜಾಗದಲ್ಲಿ ನೀನಿದ್ದರೆ ಸುಮ್ಮನಿರುತ್ತಿದ್ದೆಯಾ?

ಹೋದ ಸೋಮವಾರ ಅವರು ಆಫೀಸಿಗೆ ಹೋದ ಮೇಲೆ ಬಚ್ಚಲಿಗೆ ಹೋದೆ. ಹಿಂದಿನ ದಿನ ತೊಳೆದ ರೀಲು ನೇತಾಡುತ್ತಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಬಂದೆ. ಕೆರೆ ಏರಿ, ಎಮ್ಮೆ, ಬಸ್ ಸ್ಟಾಂಡು, ಆಮೇಲೆ ಒಂದು ಹೆಂಗಸು. ಒಂದಲ್ಲ, ಎಂಟು ಚಿತ್ರ. ಬಾಗಿಲಲ್ಲಿ ನಿಂತಿದ್ದಾಳೆ, ಒಲೆಯ ಮುಂದೆ ಕೂತಿದ್ದಾಳೆ, ಒಂದರಲ್ಲಿ ತಲೆಗೂದಲು ಬಿಚ್ಚಿಕೊಂಡು ಬಿಸಿಲಿಗೆ ಕೂತಿದ್ದಾಳೆ. ಕೂದಲು ಇದ್ದಿಲಿನ ಹಾಗೆ ಕಪ್ಪಗೆ ಬೆನ್ನ ಮೇಲೆ ಹರಡಿದೆ. ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು ಇರುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ, ನಮ್ಮ ಮದುವೆ ಫೋಟೋಗಳ ನೆಗೆಟಿವ್ ಇಂದಿಗೂ ಬೀರುವಿನಲ್ಲಿದೆ. ಆದರೆ ಮೂರು ತಿಂಗಳಿಂದ ಒಂದೇ ಯೋಚನೆಯಲ್ಲಿ ಬೆಂದವಳಿಗೆ ಅದೆಲ್ಲ ಹೊಳೆಯಲಿಲ್ಲ. ಯಾರೋ ಹರೆಯದವಳು ಎಂದೇ ಕಂಡಿತು. ಬಚ್ಚಲ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಹಾಲಿನವನು ಕೂಗಿ ಕೂಗಿ ಹೋಗಿಬಿಟ್ಟ.

ಒಣಗಿದ ರೀಲನ್ನು ಅವರು ರಾತ್ರಿ ತುಂಡು ತುಂಡಾಗಿ ಕತ್ತರಿಸಿಟ್ಟಿದ್ದರು. ಮಂಗಳವಾರ ಅದರಲ್ಲಿ ಆ ಹೆಂಗಸಿದ್ದ ತುಂಡನ್ನು ಪುಸ್ತಕದ ನಡುವೆ ಇಟ್ಟುಕೊಂಡು ಬಿ.ಎಚ್. ರಸ್ತೆಯ ಚಂದ್ರು ಅವರ ಸ್ಟುಡಿಯೋಗೆ ಹೋದೆ. ನಿನ್ನ ಅರ್ಜಿಗೆ ಫೋಟೋ ತೆಗೆದುಕೊಟ್ಟವರು. ಯಾರದ್ದು ಎಂದು ಕೇಳಿದರೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಸುಳ್ಳು ಜೋಡಿಸಿಕೊಂಡಿದ್ದೆ. ಅವರು ಏನೂ ಕೇಳಲಿಲ್ಲ. 'ಕೂತ್ಕಳಿ ಮೇಡಂ, ಕಂಪ್ಯೂಟರಲ್ಲಿ ಸೀದಾ ಮಾಡಿ ತೋರಿಸ್ತೀನಿ' ಎಂದು ಆ ತುಂಡನ್ನು ಯಂತ್ರಕ್ಕೆ ಹಾಕಿದರು. ಪರದೆಯ ಮೇಲೆ ಒಂದು ಗುಂಡಿ ಒತ್ತಿದ ಕೂಡಲೇ ಆ ಕಪ್ಪು ಕೂದಲು ಬೆಳ್ಳಗಾಯಿತು. ಪೂರ್ತಿ ಬೆಳ್ಳಗೆ, ಹತ್ತಿಯ ಹಾಗೆ. ಮುಖದ ತುಂಬ ಸುಕ್ಕು. 'ಪಾಪ, ವಯಸ್ಸಾಗೈತೆ. ನಿಮ್ಮತ್ತೆನಾ?' ಎಂದು ಚಂದ್ರು ಕೇಳಿದರು. ಅಲ್ಲ ಎಂದೆ. ಅಷ್ಟರಲ್ಲಿ ಆ ಗಲ್ಲದ ಮೇಲಿನ ಮಚ್ಚೆ ಕಣ್ಣಿಗೆ ಬಿತ್ತು. ಅದು ನಿಮ್ಮಪ್ಪನ ಅಕ್ಕ, ನಿನ್ನ ಸೋದರತ್ತೆ ಚಿಕ್ಕಗಂಗಮ್ಮ.

ನಿನಗೆ ಅವರ ನೆನಪಿದೆಯೋ ಇಲ್ಲವೋ, ಆಗ ನಿನಗೆ ಎಂಟು ವರ್ಷ. ಹೆಬ್ಬೂರಿನ ಹತ್ತಿರ ಇರುವ ನಮ್ಮ ತೆಂಗಿನ ತೋಟದಲ್ಲಿ ತನಗೂ ಭಾಗ ಬೇಕು ಎಂದು ಗಂಗಕ್ಕ ಕೋರ್ಟಿಗೆ ಹಾಕಿದ್ದರು. ಕೇಸು ನಡೆಯುತ್ತಿರುವಾಗಲೇ ನಿನ್ನ ತಾತ ತೀರಿಕೊಂಡರು. ತಿಥಿಯ ದಿನ ನೆಂಟರೆಲ್ಲ ಕೂತಿದ್ದಾಗ ನಾನು ಒಳಗಿನಿಂದ ಬಂದು, 'ಕೋರ್ಟಿಗೆ ಎಳೆದೋರು ಇನ್ಮೇಲೆ ಈ ಹೊಸ್ತಿಲು ತುಳಿದ್ರೆ ನಾನು ಈ ಮನೇಲಿರಲ್ಲ' ಎಂದೆ. ಗಂಗಕ್ಕ ಎಲೆಯ ಮುಂದಿನಿಂದ ಎದ್ದು ಹೋದರು. ನಿಮ್ಮಪ್ಪ ತಲೆ ಬಗ್ಗಿಸಿಕೊಂಡು ಬಡಿಸುತ್ತಲೇ ಇದ್ದರು. ಎರಡು ವರ್ಷದ ಮೇಲೆ ಅವರೇ ಕೇಸು ವಾಪಸು ತೆಗೆದುಕೊಂಡರು, ಆದರೂ ನಮ್ಮಿಂದ ಯಾರೂ ಬಾ ಎನ್ನಲಿಲ್ಲ. ಅವರ ಯಜಮಾನರು ತೀರಿಕೊಂಡಾಗಲೂ ನಾನು ಹೋಗಲಿಲ್ಲ. ಇದನ್ನೆಲ್ಲ ನಿನಗೆ ಯಾವತ್ತೂ ನೆಟ್ಟಗೆ ಹೇಳಿರಲಿಲ್ಲ. ಅತ್ತೆಗೆ ನಮ್ಮನ್ನು ಕಂಡರೆ ಆಗುವುದಿಲ್ಲ ಎಂದಷ್ಟೇ ಹೇಳಿ ಬೆಳೆಸಿದೆ.

ಸ್ಟುಡಿಯೋದಿಂದ ಬಂದ ಮೇಲೆ ನನಗೆ ಸಮಾಧಾನವಾಯಿತು ಎಂದುಕೊಳ್ಳಬೇಡ. ಒಂದು ಅನುಮಾನ ಹೋಗಿ ಇನ್ನೊಂದು ಹತ್ತಿತು. ಹದಿನೇಳು ವರ್ಷ ಇಲ್ಲದ ಅಕ್ಕರೆ ಈಗೇಕೆ? ತೋಟದ ಪಕ್ಕ ರಸ್ತೆ ಅಗಲವಾಗುತ್ತದಂತೆ, ಅದಕ್ಕೇನಾದರೂ ತಮ್ಮನನ್ನು ಪುಸಲಾಯಿಸುತ್ತಿದ್ದಾರೋ? ಶುಕ್ರವಾರ ಅವರು ಆಫೀಸಿಗೆ ಹೋದ ಬೆನ್ನಿಗೇ ನಾನೂ ಕುಣಿಗಲ್ ಬಸ್ಸು ಹತ್ತಿದೆ. ಹಿಂದೆ ಗಂಗಕ್ಕನ ಗೃಹಪ್ರವೇಶಕ್ಕೆ ಹೋಗಿದ್ದ ಮನೆ, ಕೆರೆಗೆ ಹೋಗುವ ರಸ್ತೆ, ಗುರುತಿತ್ತು. ಬಾಗಿಲು ತಟ್ಟಿದೆ. ಗಂಗಕ್ಕ ತೆರೆದರು, ನನ್ನನ್ನು ನೋಡಿದರು, ಅವರ ಬಾಯಿಂದ ಬಂದ ಮೊದಲ ಮಾತು, 'ನರಸಿಂಹಂಗೆ ಏನಾರ ಆಯ್ತಾ?' ಏನೂ ಆಗಿಲ್ಲ, ಆಫೀಸಿನಲ್ಲಿದ್ದಾರೆ ಎಂದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ಉಸಿರು ಬಿಟ್ಟರು. 'ಮತ್ತೆ ನೀನ್ಯಾಕ್ ಬಂದೆ?' ಎಂದರು. ನಾನು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡೆ. 'ಬಿಸಿಲಲ್ಲಿ ನಿಂತ್ಕಬ್ಯಾಡ, ಬಾ' ಎಂದು ಒಳಗೆ ಹೋದರು.

ಅಕ್ಷತಾ, ಅವರ ನಡುಮನೆಯ ಗೋಡೆಯ ತುಂಬ ನಮ್ಮ ಮನೆ ಇದೆ. ತೋಟದ ಬಾವಿ, ನಿನ್ನ ಅಜ್ಜಿ ಕೂತು ಕಾಯಿ ಸುಲಿಸುತ್ತಿದ್ದ ಕಲ್ಲು, ನಮ್ಮ ದೇವರ ಕೋಣೆ, ತರಬೇತಿಗೆ ಹೊರಟ ದಿನ ಟ್ರಂಕಿನ ಮೇಲೆ ಕೂತಿರುವ ನೀನು. ನಡುವೆ ಬಹಳ ಹಳೆಯದೊಂದು: ಹನ್ನೊಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳು ದಪ್ಪಗಿನ ಮಗುವನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಾಳೆ. ಅಡವಿಯಪ್ಪನವರು ಸ್ಟುಡಿಯೋ ಖಾಲಿ ಮಾಡುವಾಗ ಯಾರೂ ಬಂದು ಒಯ್ಯದ ಫೋಟೋಗಳ ಪೆಟ್ಟಿಗೆಯನ್ನು ನಿಮ್ಮಪ್ಪನಿಗೆ ತೋರಿಸಿದರಂತೆ. ನಿನ್ನ ತಾತ ಯಾವಾಗಲೋ ಅಲ್ಲಿ ತೆಗೆಸಿ, ತರಲು ಮರೆತ ಫೋಟೋ ಅದರಲ್ಲಿತ್ತು. ಅದನ್ನು ಕೊಡಲು ಇವರು ಕುಣಿಗಲ್ಲಿಗೆ ಹೋದರು, ಹೋದವರು ಹೋಗುತ್ತಲೇ ಇದ್ದಾರೆ. 'ನಮ್ ಬಾವಿ ತೆಕ್ಕೊಂಡ್ ಬಾ ಅಂದೆ, ತಂದ. ಅವ್ವನ ಕಲ್ಲು ಅಂದೆ, ತಂದ. ಫೋನ್‌ನಾಗೆ ತೆಗೆದ್ರೆ ನೀನ್ ನೋಡ್ಬುಡ್ತೀಯ ಅಂತ ಹೆದರ್ತಾನೆ ಕಣಮ್ಮ' ಎಂದರು ಗಂಗಕ್ಕ. ಒಂದು ಫೋಟೋದಲ್ಲಿ ತಾರಸಿಯ ಮೇಲೆ ಸಂಡಿಗೆ ಹಾಕುತ್ತಿರುವ ನಾನಿದ್ದೇನೆ, ಬರೀ ಬೆನ್ನು. 'ನಿನ್ ಮುಖ ನೋಡ್ಬೇಕು ಅಂದಿದ್ದೆ. ಎದುರಿಗೆ ನಿಂತು ತೆಗೆಯಕ್ಕೆ ಧೈರ್ಯ ಬರ್ಲಿಲ್ವಂತೆ, ಬೆನ್ನು ತಂದವ್ನೆ.' ಅದನ್ನು ಹೇಳುವಾಗ ಅವರು ನಕ್ಕರು. ನನಗೆ ನಗಲು ಆಗಲಿಲ್ಲ. ಮನೆಯಲ್ಲಿ ಇಷ್ಟು ವರ್ಷ ನನ್ನ ಎದುರಿಗೆ ಕೂತು ಉಂಡವರು ನನಗೆ ಇಷ್ಟು ಹೆದರಿಕೊಂಡಿದ್ದರು ಎಂದು ಬೇರೆಯವರ ಗೋಡೆ ನೋಡಿ ತಿಳಿಯಬೇಕಾಯಿತು.

ಆದರೂ ಬಂದ ಕೆಲಸ ಬಿಡಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಕೇಳಿಯೇ ಬಿಟ್ಟೆ, ತೋಟದ ವಿಷಯ ಮತ್ತೆ ಮನಸ್ಸಿನಲ್ಲಿದೆಯಾ ಎಂದು. ಗಂಗಕ್ಕ ಸಿಟ್ಟಾಗಲಿಲ್ಲ. 'ಇದ್ದಿದ್ರೆ ನಿನ್ನನ್ನೇ ಕೇಳ್ತಿದ್ದೆ, ಅವ್ನ ಹತ್ರ ಗುಟ್ಟಾಗಿ ಯಾಕ್ ಕೇಳ್ಲಿ? ಆವತ್ತು ನಾನು ಕೇಳಿದ್ದು ತಪ್ಪಲ್ಲ ಸರ್ವಮಂಗಳ. ಕೇಳಿದ್ದಕ್ಕೆ ಬರ್ಲೇಬ್ಯಾಡ ಅಂದ್ರಲ್ಲ, ಅದು ತಪ್ಪು' ಎಂದರು. ಅಂದವಳು ನಾನೇ ಎಂದು ಇಬ್ಬರಿಗೂ ಗೊತ್ತಿತ್ತು. ಹೌದು ಎಂದೆ. ಹೊರಡುವಾಗ, ನಾನು ಬಂದಿದ್ದು ನಿಮ್ಮಪ್ಪನಿಗೆ ತಿಳಿಯುವುದು ಬೇಡ ಎಂದು ಕೇಳಿಕೊಂಡೆ.

ಈಗ ಮನೆಯಲ್ಲಿ ಗುಟ್ಟು ಇಬ್ಬರದ್ದೂ ಆಗಿದೆ. ಶುಕ್ರವಾರ ಮಧ್ಯಾಹ್ನ ಫೋನ್ ಯಾಕೆ ಎತ್ತಲಿಲ್ಲ ಎಂದು ನಿಮ್ಮಪ್ಪ ಎರಡು ಸಲ ಕೇಳಿದರು. ಬ್ಯಾಂಕಿನಲ್ಲಿ ಜನ ಇದ್ದರು ಎಂದೆ. ಕನ್ನಡಕದ ಮೇಲಿನಿಂದ ನೋಡಿ, 'ಅಷ್ಟೊತ್ತಾ?' ಎಂದರು. ನನಗೆ ಒಳಗೇ ನಗು ಬಂತು, ಸ್ವಲ್ಪ ಖುಷಿಯೂ ಆಯಿತು. ಅವರಿಗೂ ತಿಳಿಯಲಿ ಅದರ ಸಂಕಟ. ಇವತ್ತು ಬೆಳಿಗ್ಗೆ ಅವರು ಕೇಳುವ ಮೊದಲೇ ನಿಪ್ಪಟ್ಟಿನ ಡಬ್ಬ ತುಂಬಿಸಿ ಕೈಗಿಟ್ಟೆ. ಅದನ್ನು ಹಿಡಿದುಕೊಂಡು ಬಾಗಿಲಲ್ಲಿ ತುಂಬಾ ಹೊತ್ತು ನಿಂತಿದ್ದರು. ಗಂಗಕ್ಕ ಮಾತಿಗೆ ತಪ್ಪಿ ಎಲ್ಲ ಹೇಳಿಬಿಟ್ಟಿರುತ್ತಾರೋ ಏನೋ ಎನ್ನುವುದು ಈಗಿನ ನನ್ನ ಅನುಮಾನ.

ಹೊತ್ತಿಗೆ ಸರಿಯಾಗಿ ಉಣ್ಣು, ಹೆಚ್ಚು ನೀರು ಕುಡಿ, ನಿನ್ನ ಜೊತೆಯ ಹುಡುಗಿಯರನ್ನು ಕೇಳಿದೆ ಎಂದು ಹೇಳು. ಯಡಿಯೂರು ಸಿದ್ಧಲಿಂಗೇಶ್ವರ ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಸರ್ವಮಂಗಳ

ಮರೆತೆ: ಗೇಟಿನ ಶಬ್ದ ಆಯಿತು, ನಿಮ್ಮಪ್ಪ ಬಂದರು, ಬೇಗ ಬರೆಯುತ್ತೇನೆ. ನಿಮ್ಮ ಪಾಸಿಂಗ್ ಔಟ್ ಪರೇಡಿಗೆ ಬರುವವರ ಹೆಸರು, ಆಧಾರ್ ಜೆರಾಕ್ಸನ್ನು ಇಪ್ಪತ್ತನೇ ತಾರೀಕಿನೊಳಗೆ ಕೊಡಬೇಕು ಎಂದಿದ್ದೆಯಲ್ಲ, ಅದರಲ್ಲಿ ಚಿಕ್ಕಗಂಗಮ್ಮ, ಸೋದರತ್ತೆ ಎಂದು ಸೇರಿಸು. ಇಬ್ಬರಿಗೇ ಜಾಗ ಎಂದರೆ ನಿಮ್ಮಪ್ಪನ ಹೆಸರು ಹೊಡೆದುಹಾಕು, ಅವರು ಕ್ಯಾಮೆರಾ ಹಿಡಿದು ಗೇಟಿನ ಹೊರಗೆ ನಿಲ್ಲಲಿ. ಗಂಗಕ್ಕನ ಆಧಾರ್ ಜೆರಾಕ್ಸ್ ಇದರೊಳಗಿದೆ, ಶುಕ್ರವಾರ ಹೊರಡುವಾಗಲೇ ಕೇಳಿ ತಂದೆ. ಯಾಕೆ ಬೇಕು ಎಂದು ನಾನು ಅವರಿಗೆ ಹೇಳಲಿಲ್ಲ, ನೀನು ಒಪ್ಪುವ ಮೊದಲು ಆಸೆ ಹುಟ್ಟಿಸುವುದು ಬೇಡ ಎನಿಸಿತು. ತೋಟಕ್ಕೆ ಜಗಳವಾಡಿದ ಮನೆಯವಳು ಬಂದು ಆಧಾರ್ ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಅವರಿಗೂ ಬಂತು, ನನ್ನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಒಳಗೆ ಹೋಗಿ ತಂದುಕೊಟ್ಟರು.