ಹರಿದ ನಲವತ್ತಮೂರನೇ ಪುಟ

ಕ್ರಿ.ಶ. ೨೧೮೮, ಹದಿಮೂರನೇ ತಿಂಗಳ ನಾಲ್ಕನೇ ದಿನ
ಕೋಲಾರದ ಹಳೇ ಗಣಿಯ ತಳಮನೆ

ಮಾನ್ಯ ಸುವ್ರತಾ ಅವರಿಗೆ,

ಹದಿಮೂರನೇ ತಿಂಗಳೆಂದರೆ ನಗಬೇಡಿ, ನಮಗದು ರೂಢಿಯಾಗಿದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಒಂದೂವರೆ ಶತಮಾನದ ಹಿಂದಿನ ನಿಮ್ಮ ಪ್ರಯೋಗದ ನೋಟ್‌ಬುಕ್ ಓದಿ ಓದಿಯೇ ನಿಮ್ಮ ಕಾಲದ ಮಾತು ಕಲಿತವಳು ನಾನು. ನಾನು ಪದರಗಾರ್ತಿ. ಅಂದರೆ ನೀವು ಮಾಡುತ್ತಿದ್ದ ಕೆಲಸವನ್ನೇ ಮಾಡುವವಳು: ಗಾಳಿಯೇ ಇಲ್ಲದ ಪೆಟ್ಟಿಗೆಯಲ್ಲಿ ಕಬ್ಬಿಣ, ಸೆಲೆನಿಯಂ, ಟೆಲ್ಯೂರಿಯಂಗಳನ್ನು ಆವಿಯಾಗಿಸಿ, ಪರಮಾಣುಗಳ ತೆಳು ಪದರಗಳನ್ನು ಒಂದರ ಮೇಲೊಂದು ಬೆಳೆಸುವವಳು. ಆ ಪದರ ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಿಶೇಷ ವಸ್ತು, ಅಂದರೆ ಟೋಪಾಲಾಜಿಕಲ್ ಸೂಪರ್‌ಕಂಡಕ್ಟರ್ ಇರಬಹುದೇನೋ ಎಂಬುದು ನಿಮಗಿನ್ನೂ ಅನುಮಾನ. ನಮ್ಮ ಲೆಕ್ಕಯಂತ್ರಗಳ ಜೀವವೇ ಅದು.

ನನ್ನ ಮಗಳು ಓಜಾಳ ರಕ್ತದ ಕಾಯಿಲೆ ದಿನಕ್ಕೊಂದು ರೂಪ ತಾಳುತ್ತದೆ. ಅಂದಂದಿನ ಔಷಧವನ್ನು ಲೆಕ್ಕಯಂತ್ರವೇ ಹೇಳಬೇಕು. ಬೆಳಿಗ್ಗೆ ಎದ್ದು ಬೆರಳು ಚುಚ್ಚಿಸಿಕೊಂಡು, ಚೀಟಿ ಬರುವವರೆಗೆ ತಿಂಡಿ ಮುಟ್ಟದೆ ಕೂರುತ್ತಾಳೆ. ನಿನ್ನೆ ಯಂತ್ರ ಎರಡು ಬಾರಿ ತಪ್ಪು ಹೇಳಿತು. ಒಳಗಿನ ಪದರ ಸವೆದಿದೆ, ಇನ್ನು ಮೂರು ದಿನ ಬಾಳಿದರೆ ಹೆಚ್ಚು.

ಹೊಸದನ್ನು ಎರಡು ಸಲ ಬೆಳೆಸಿದೆ. ಎರಡೂ ಸಲ ಮೂವತ್ತನೇ ಪದರದವರೆಗೆ, ಪದರದ ಮೇಲ್ಮೈ ತೋರುವ ಪರದೆಯ ಮೇಲೆ ನೀಟಾದ ಗೆರೆಗಳಿದ್ದವು. ಆಮೇಲೆ ಒಡೆದು ಚುಕ್ಕೆಗಳಾದವು. ಮೇಲ್ಮೈ ಉಬ್ಬುತಗ್ಗಾಯಿತೆಂದು ಅರ್ಥ, ನಿಮಗೆ ಹೇಳಬೇಕಾಗಿಲ್ಲ. ಟೆಲ್ಯೂರಿಯಂ ಇನ್ನೊಂದೇ ಸಲಕ್ಕಿದೆ. “ತಪ್ಪೋದ್ರೆ ಮತ್ತೆ ಕೇಳ್ಬೇಡಮ್ಮ, ಚಿಟಿಕೇನೂ ಉಳ್ದಿಲ್ಲ” ಎಂದು ಉಗ್ರಾಣದ ಅಂತೋಣಪ್ಪ ಕೈಯಲ್ಲಾಡಿಸಿಬಿಟ್ಟ.

ನಿಮ್ಮ ನಲವತ್ತೆರಡನೇ ಪುಟದಲ್ಲೂ ಇದೇ ಗೆರೆ, ಇದೇ ಚುಕ್ಕೆ. ಅಂಚಿನಲ್ಲಿ ‘ಸೋಮವಾರ ಮೇಷ್ಟ್ರು ನೋಟ್‌ಬುಕ್ ನೋಡುತ್ತಾರೆ’ ಎಂದಿದೆ. ಮುಂದಿನ ಹಾಳೆ ಇಲ್ಲ, ಹೊಲಿಗೆಯಲ್ಲಿ ಹರಿದ ಚೂರು ಮಾತ್ರ ಇದೆ. ನಲವತ್ತೈದನೇ ಪುಟದಲ್ಲಿ ನೀವು ಬರೆದದ್ದು: ‘ನಿನ್ನೆಯ ತಪ್ಪೊಂದನ್ನು ಬಿಟ್ಟು ಉಳಿದದ್ದೆಲ್ಲ ಹಾಗೆಯೇ. ಪದರ ಚೆನ್ನಾಗಿ ಬಂತು!’

ಯಾವ ತಪ್ಪು, ತಾಯೀ? ನನಗೆ ನಿಮ್ಮ ಮೇಲೆ ಕೋಪ ಬಂದಿದೆ, ಮುಚ್ಚಿಡುವುದಿಲ್ಲ. ಆದರೆ ಬೈಯಲು ಬಾಯಿಲ್ಲ. ಕಳೆದ ವಾರ ಪದರ ಕೆಟ್ಟಾಗ ನಾನೂ ನಾಚಿಕೆಯಿಂದ ಹಾಳೆ ಹರಿದೆ. ಇವತ್ತು ಬುಟ್ಟಿಯಿಂದ ಹೆಕ್ಕಿ ಅಂಟಿಸಿದ್ದೇನೆ.

ಹೇಗಾದರೂ ಕಾಲ ದಾಟಿ, ಈ ಪತ್ರ ಆ ಸೋಮವಾರಕ್ಕೆ ಮೊದಲೇ ನಿಮ್ಮ ಕೈಸೇರಲಿ. ಹಾಳೆಗೆ ಕೈ ಹಾಕಬೇಡಿ, ನೀವು ಹರಿಯದಿದ್ದರೆ ಅದು ನನ್ನ ಕೈಯಲ್ಲಿರುವ ನೋಟ್‌ಬುಕ್ಕಿನಲ್ಲೂ ಉಳಿದಿರುತ್ತದೆ. ಮೇಷ್ಟ್ರು ಬೈದರೆ ಬೈಸಿಕೊಳ್ಳಿ. ಇಲ್ಲಿ ಕುಲುಮೆ ಕಾದಿದೆ, ಓಜಾ ಹಸಿದು ಕೂತಿದ್ದಾಳೆ. ಸಹಿ ಹಾಕಿ, ನಿಮ್ಮ ನೋಟ್‌ಬುಕ್ಕನ್ನು ಇನ್ನೊಮ್ಮೆ ತೆರೆಯುತ್ತೇನೆ. ನಲವತ್ತೆರಡರ ಪಕ್ಕದಲ್ಲಿ ನಲವತ್ತಮೂರು ಇರಲಿ.

ಕೆಂಪರಸಿ
ಪದರಗಾರ್ತಿ, ಓಜಾಳ ತಾಯಿ