ಕೇಕಿನ ಬಾವುಟ ಕಿತ್ತವಳು ನನ್ನ ಮಗಳಲ್ಲ

ಮಾನ್ಯ ನಗರಸಭೆಯ ವಸತಿ ಮುಖ್ಯಾಧಿಕಾರಿಗಳೇ,

ನಮ್ಮ ಬಡಾವಣೆಗೆ ‘ಸಮಾನಾಂತರ ಸಮಾಜ’ ಎಂಬ ಹಣೆಪಟ್ಟಿ ಹಚ್ಚಿ ಟೀವಿಯಲ್ಲಿ ಸಾರಿದ್ದೀರಿ. ಡೆನ್ಮಾರ್ಕಿನೊಳಗಿದ್ದೂ ಡೆನ್ಮಾರ್ಕಿನವರ ಜೊತೆ ಬೆರೆಯದವರು ಎಂದು ಅದರ ಅರ್ಥವಂತೆ. ಕೇಳಿ ನನಗೆ ಕೋಪ ಬರಲಿಲ್ಲ, ಹೇಸಿಗೆಯಾಯಿತು. ನಾನು ಟರ್ಕಿಯಿಂದ ಬಂದ ಮುಸ್ಲಿಂ ಹೆಂಗಸು, ಒಪ್ಪಿದೆ. ಇಪ್ಪತ್ತು ವರ್ಷಗಳಿಂದ ನಿಮ್ಮದೇ ವೃದ್ಧಾಶ್ರಮದಲ್ಲಿ ನಿಮ್ಮ ಹಿರಿಯರಿಗೆ ಸ್ನಾನ ಮಾಡಿಸುತ್ತಿದ್ದೇನೆ. ಅದನ್ನು ಯಾವ ಸಮಾಜಕ್ಕೆ ಸಮಾನಾಂತರವಾಗಿ ಮಾಡಿಸುತ್ತಿದ್ದೇನೆ, ದಯವಿಟ್ಟು ತಿಳಿಸುವಿರಾ?

ನನ್ನ ಮಗಳು ಸೆಹೆರ್ ಹುಟ್ಟಿದ್ದು ಈ ಊರಿನ ಆಸ್ಪತ್ರೆಯಲ್ಲೇ. ಅವಳ ಮೊದಲ ಹುಟ್ಟುಹಬ್ಬಕ್ಕೆ ಎದುರುಮನೆಯ ಬೆಂತೆ ಅಜ್ಜಿ, ಅಪ್ಪಟ ಡೇನಿಶ್ ಹೆಂಗಸು, ಡೆನ್ಮಾರ್ಕಿನ ಕೆಂಪು-ಬಿಳಿಯ ಪುಟ್ಟ ಕಾಗದದ ಬಾವುಟಗಳನ್ನು ಇಲ್ಲಿನ ಪದ್ಧತಿಯಂತೆ ತಂದು, “ಬಾವುಟ ಇಲ್ಲದ ಕೇಕು ಕೇಕೇ ಅಲ್ಲ ಕಣಮ್ಮ” ಎಂದು ತಾವೇ ಚುಚ್ಚಿದ್ದರು. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಬಾವುಟವಿಲ್ಲದೆ ಕೇಕು ಕತ್ತರಿಸಿದ್ದಿಲ್ಲ. ಒಂದು ಸಲ ನಾನು ತರಲು ಮರೆತಾಗ ಸೆಹೆರ್ ಅತ್ತು ರಂಪ ಮಾಡಿ, ತಾನೇ ಬಣ್ಣದ ಪೆನ್ಸಿಲಿನಲ್ಲಿ ಬರೆದು ಹಲ್ಲುಕಡ್ಡಿಗೆ ಅಂಟಿಸಿದಳು. ದೇಶಪ್ರೇಮ ಅಳೆಯುವ ನಿಮ್ಮ ಯಂತ್ರಕ್ಕೆ ಆ ಹಲ್ಲುಕಡ್ಡಿಗಳು ಕಾಣಿಸಿದವೇ?

ಈ ಚಳಿಗಾಲ ಅವಳಿಗೆ ಹದಿನೇಳು ತುಂಬಿತು. ಆ ದಿನ ಬೆಳಿಗ್ಗೆ ಬೇಕರಿಯೊಂದಕ್ಕೆ ಕೆಲಸ ಕೇಳಿಕೊಂಡು ಹೋಗಿದ್ದಳು. ವಿಳಾಸ ಹೇಳಿದ್ದೇ ತಡ, ಮಾಲೀಕ ನಕ್ಕನಂತೆ. “ಓ, ಟೀವೀಲಿ ಬಂದಿತ್ತಲ್ಲ, ಆ ಬಡಾವಣೆನಾ? ನೋಡೋಣಮ್ಮ, ಹೇಳಿ ಕಳಿಸ್ತೀವಿ.” ಸಂಜೆ ನಾನು ಕೇಕು ತಂದಿಟ್ಟರೆ, ಅವಳು ಬಾವುಟಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲಿಟ್ಟಳು. “ಯಾಕೆ ಮಗಳೇ?” ಎಂದೆ. “ಅದು ಅವರದ್ದಮ್ಮ. ನಮ್ಮದಲ್ವಂತೆ. ಮೇಲೆ ಬಿದ್ದು ನಮ್ಮದು ನಮ್ಮದು ಅನ್ನೋಕೆ ನಾಚಿಕೆ ಆಗಲ್ವಾ ನಿಂಗೆ?” ಕೇಕು ತಿನ್ನಲು ಬಂದಿದ್ದ ಬೆಂತೆ ಅಜ್ಜಿ ತಟ್ಟೆ ಕೆಳಗಿಟ್ಟು ಕಣ್ಣೊರೆಸಿಕೊಂಡರು.

ನಿಮ್ಮ ಘನಕಾರ್ಯ ಅಲ್ಲಿಗೇ ಮುಗಿಯಲಿಲ್ಲ. ಮರುತಿಂಗಳೇ ನಿಮ್ಮ ಸಮೀಕ್ಷೆಯವನು ಬಾಗಿಲು ತಟ್ಟಿದ. “ಈ ದೇಶ ನಿನ್ನದು ಅನ್ಸುತ್ತಾ?” ಎಂದು ಮಗಳನ್ನು ಕೇಳಿದ. “ಇಲ್ಲ” ಎಂದಳು. ಗುರುತು ಹಾಕಿಕೊಂಡನಲ್ಲ, ಏನು ತೃಪ್ತಿ ಆ ಮುಖದಲ್ಲಿ! ಬೆಂತೆ ಅಜ್ಜಿ ಎದುರು ಬಾಗಿಲಿನಿಂದ, “ನಾನೂ ಇದೇ ಬಡಾವಣೆಯವಳಪ್ಪಾ, ನನ್ನೂ ಕೇಳು” ಎಂದರೆ, “ನಿಮ್ಮನ್ನ ಕೇಳೋ ಹಾಗಿಲ್ಲ ಅಜ್ಜಿ, ಇದು ಅವರಿಗೆ ಮಾತ್ರ” ಎಂದು ನಮ್ಮ ಬಾಗಿಲಿನತ್ತ ಗದ್ದ ತಿರುಗಿಸಿದ.

ಥೂ! ಹಣೆಪಟ್ಟಿ ಹಚ್ಚುವವರೂ ನೀವೇ, ನೊಂದವಳು ಮುಖ ತಿರುಗಿಸಿದರೆ ‘ನೋಡಿ, ನಾವು ಹೇಳಿರಲಿಲ್ಲವೇ’ ಎನ್ನುವವರೂ ನೀವೇ. ಬೆರೆತಿದ್ದ ಹುಡುಗಿಯನ್ನು ಎಳೆದು ಆಚೆ ನಿಲ್ಲಿಸಿ, ಆಚೆ ನಿಂತಿದ್ದಾಳೆಂದು ದೂರುತ್ತೀರಲ್ಲ, ಇದಕ್ಕೆ ಸಂಬಳ ಬೇರೆ ಕೇಡು.

ಆ ಹೆಸರನ್ನು ತೆಗೆಯಿರಿ. ಟೀವಿಯಲ್ಲಿ ಹಚ್ಚಿದ್ದನ್ನು ಟೀವಿಯಲ್ಲೇ ತೆಗೆಯಿರಿ. ಮಗಳ ‘ಇಲ್ಲ’ ಎಂಬ ಉತ್ತರವನ್ನು ವರದಿಗೆ ಸೇರಿಸುವುದಾದರೆ, ಅದನ್ನು ಹೇಳಿಸಿದವರು ನೀವೆಂದೂ ಸೇರಿಸಿ. ಬಾವುಟಗಳನ್ನು ನಾನು ಎಸೆದಿಲ್ಲ, ಚಮಚಗಳ ಡ್ರಾಯರಿನಲ್ಲಿವೆ. ಬರುವ ಹುಟ್ಟುಹಬ್ಬಕ್ಕೆ ಅವನ್ನು ಹೊರತೆಗೆಯಲು ನನಗೆ ಧೈರ್ಯವಿಲ್ಲ. ನೀವೇ ಬನ್ನಿ, ಅವಳ ಮುಖ ನೋಡುತ್ತಾ ಕೇಕಿಗೆ ಚುಚ್ಚಿ.

ಇಂತಿ,
ನಿಮ್ಮ ಸಮಾಜಕ್ಕೆ ಸಮಾನಾಂತರವಾಗಿ, ಬೆಂತೆ ಅಜ್ಜಿಯ ಎದುರುಮನೆಯಿಂದ,
ಗುಲ್ಸೇರೆನ್