ಬಂಗಾರ ಅದ್ದಿದ ನೀರು

ಕಾನ್ಪುರ, ಜನವರಿ ೨೦೦೪

ಹುಮನಾಬಾದಿನ ಅಕ್ಕನಿಗೆ,

ಅವ್ವನಿಗೆ ಜಾಸ್ತಿಯಾಗಿದೆ ಎಂದು ನೀನು ಫೋನ್ ಮಾಡಿದ ದಿನ ಇಲ್ಲಿಯ ಮಂಜಿಗೆ ರೈಲೇ ಹೊರಡಲಿಲ್ಲ. ಅವ್ವನ ಮಣ್ಣಿಗೂ ಬರಲಾಗಲಿಲ್ಲ.

ಇಂದು ಲ್ಯಾಬಿನಲ್ಲಿ ಹಸಿರಾಗಿ ಹೊಳೆಯುವ ಪಾಲಿಮರ್ ನೀರಿಗೆ ಬಂಗಾರದ ಕಣಗಳ ಹನಿ ಬಿಟ್ಟೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಅವು ಬೆರೆತ ನೀರು ಕೆಂಪಗಿರುತ್ತದೆ. ಅಕ್ಕಸಾಲಿ ಅಪ್ಪನೂ ನಂಬಲಿಕ್ಕಿಲ್ಲ. ಹನಿ ಬಿದ್ದದ್ದೇ ಹೊಳಪು ಆರಿಹೋಯಿತು. ಪಾಲಿಮರ್ ಅಲ್ಲೇ ಇದೆ, ಅದರ ಬೆಳಕನ್ನು ಬಂಗಾರ ಎಳೆದುಕೊಂಡಿತು.

ನನಗೆ ಜ್ವರ ಇಳಿದಿದೆ, ಕಂಬಳಿ ಕೊಂಡಿದ್ದೇನೆ.

ನಾನು ಊರಿಂದ ಇಲ್ಲಿಗೆ ಹೊರಡುವಾಗ ಅವ್ವ, “ಕಡೀಕ ನನ್ನ ಬಾಯಾಗ ಬಂಗಾರ ಅದ್ದಿದ ನೀರು ನೀನೇ ಬಿಡಬೇಕಪಾ” ಅಂದಿದ್ದಳು. ನಾನಿಲ್ಲಿ ದಿನವಿಡೀ ಬಂಗಾರದ ನೀರು ಬಿಡುತ್ತೇನೆ. ಅವ್ವನಿಗೆ ಯಾರು ಬಿಟ್ಟರು, ಬರೆ.

ಮೌನೇಶ